ಚಿಕ್ಕಮ್ಮನ ಕುತ್ತಿಗೆಯ ನರುಲಿ

ನಡೆದದ್ದು ಹೀಗೆಯೇ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂದರೆ ಈಗಲೂ ರಾಯದುರ್ಗದ ಆ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಮ್ಮನ ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ನರುಲಿಯೊಂದು ಜೋತುಬಿದ್ದಿತ್ತು. ಅದು ಉದುರಲೆಂದು ಅಜ್ಜಿ, ಮನೆಯ ಹೊಲಿಗೆ ಯಂತ್ರದಲ್ಲಿ ಜೀನ್ಸ್ ಹೊಲಿಯುವ ದಾರವನ್ನು ಅದರ ಬುಡಕ್ಕೆ ಬಿಗಿದಿದ್ದಳು. ಈಗ ಅದು ಬಾತು ಕಪ್ಪಾಗಿತ್ತು. ಚಿಕ್ಕಮ್ಮ ಕತ್ತು ತಿರುಗಿಸಲಾರದೆ ಕೂತಿದ್ದಳು.

“ಬಿಚ್ಚಬ್ಯಾಡ. ನಾಳೆ ಗಂಡಿನೋರು ಬರ್ತಾರ,” ಎಂದಳು ಅಜ್ಜಿ.

“ಹುಡುಗಿ ನೋಡಾಕ ಬರ್ತಾರವ್ವ, ನರುಲಿ ನೋಡಾಕಲ್ಲ. ತೆಗೀಬೇಕಂದ್ರ ಡಾಕ್ಟ್ರು ತೆಗೀಲಿ,” ಎನ್ನುತ್ತ ಅಮ್ಮ ಕತ್ತರಿ ಹಿಡಿದು ಬಗ್ಗಿದಳು. ನಾನು ಕಣ್ಣು ಮುಚ್ಚಿದೆ. ಕತ್ತರಿಯ ಸದ್ದು ಕೇಳಿತು. ಕಣ್ಣು ತೆರೆದಾಗ ನೆಲದ ಮೇಲೆ ರಕ್ತ ಕಂಡೆನೆಂದೇ ಇಷ್ಟು ವರ್ಷ ನಂಬಿದ್ದೆ.

ಮೊನ್ನೆ ಚಿಕ್ಕಮ್ಮನನ್ನೇ ಕೇಳಿದೆ. ಅವಳು ನಗುತ್ತ ಸೆರಗು ಸರಿಸಿದಳು. ಅಮ್ಮ ಕತ್ತರಿಸಿದ್ದು ದಾರವನ್ನಷ್ಟೇ. ನರುಲಿ ಇನ್ನೂ ಅಲ್ಲೇ ಇದೆ.