ಬೀಟ್‌ರೂಟ್ ಕೆಂಪು

ಗಂಡನ ಹೊಟ್ಟೆಗೆ ಅಂಟಿಸಿದ ಚೀಲದಲ್ಲಿ ಕೆಂಪು ಕಂಡಿದ್ದೇ ತಡ, ಅವಳು ಕೇಳಿದಳು: "ಬೀಟ್‌ರೂಟ್ ಏನಾದ್ರೂ ತಿಂದ್ರಾ?"

"ತರೋದನ್ನ ನೀನೇ ಬಿಟ್ಟಿದೀಯಲ್ಲ ಮಹಾತಾಯಿ, ಎಲ್ಲಿಂದ ತಿನ್ನಲಿ?"

ಬಿಟ್ಟು ತಿಂಗಳಾಗಿತ್ತು. ಕರುಳಿನ ಆಪರೇಷನ್ನಿನಲ್ಲಿ, ಮಲ ಚೀಲಕ್ಕೆ ಇಳಿಯಲೆಂದು ಅವನ ಹೊಟ್ಟೆಯ ಮೇಲೊಂದು ಬಾಯಿ ತೆರೆದಿದ್ದರು. ಲಿವರ್ ಕೆಟ್ಟಿದ್ದರಿಂದ ಆ ಬಾಯಿಯ ಸುತ್ತ ರಕ್ತನಾಳಗಳು ಉಬ್ಬಿವೆ, ಯಾವಾಗ ಬೇಕಾದರೂ ಒಡೆಯಬಹುದು ಎಂದು ನರ್ಸ್ ಎಚ್ಚರಿಸಿದ್ದಳು. ಹೋದ ತಿಂಗಳು ಚೀಲ ಕೆಂಪಾದಾಗ ಇವಳು ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದ್ದಳು. ನೋಡಿದರೆ ಹಿಂದಿನ ದಿನ ತಿಂದ ಬೀಟ್‌ರೂಟ್! ವಾರ್ಡಿಗೆ ವಾರ್ಡೇ ನಕ್ಕಿತ್ತು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಅವನದು ಅದೇ ಮಾತು: "ನಮ್ಮವಳು ಹಗ್ಗ ಕಂಡ್ರೂ ಹಾವು ಅನ್ನೋಳು."

ಅವಳು ಚೀಲ ಬಿಡಿಸಿದಳು. ಬಾಯಿಯ ಅಂಚಿನ ನೀಲಿ ನಾಳವೊಂದರಿಂದ ರಕ್ತ ಚಿಮ್ಮುತ್ತಿತ್ತು. ಅವನು ಎಂದಿನಂತೆ ಸೂರು ನೋಡುತ್ತ ಮಲಗಿದ್ದ. ಆಪರೇಷನ್ ಆದಮೇಲೆ ಒಮ್ಮೆಯೂ ತನ್ನ ಹೊಟ್ಟೆ ನೋಡಿಕೊಂಡವನಲ್ಲ. ನರ್ಸ್ ಕಲಿಸಿದಂತೆ ಅವಳು ಬಟ್ಟೆ ಮಡಚಿ ಹೆಬ್ಬೆರಳಿನಿಂದ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ವಾರ್ಡಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ರಕ್ತ ಎನ್ನಲು ಮಾತ್ರ ನಾಲಿಗೆ ಹಿಂಜರಿಯಿತು. "ಸಿಸ್ಟರ್, ಚೀಲ ಕೆಂಪಗಾಗಿದೆ..."

"ಏನಮ್ಮಾ, ಮತ್ತೆ ಬೀಟ್‌ರೂಟಾ?" ಆ ಕಡೆಯಿಂದ ನರ್ಸ್ ನಕ್ಕಳು. ಅದನ್ನು ಕೇಳಿ ಗಂಡನಿಗೂ ನಗು ಉಕ್ಕಿತು. ಅವನ ಹೊಟ್ಟೆ ಕುಲುಕಿದಾಗಲೆಲ್ಲ ಹೆಬ್ಬೆರಳಿನ ಪಕ್ಕದಿಂದ ಬಿಸಿ ರಕ್ತ ಹರಿಯಿತು.

"ನಗಬೇಡಿ," ಎಂದಳು.

ತನಗಲ್ಲ, ಇನ್ನೊಬ್ಬರಿಗೆ ಹೇಳಿದ್ದೆಂದುಕೊಂಡು ಇಬ್ಬರೂ ನಗುತ್ತಲೇ ಇದ್ದರು.