ಐವತ್ತೆಂಟನೆಯ ಪುಟ

"ಇದೊಂದು ಮಾತ್ರ ಕೂರ್ತಾ ಇಲ್ಲ ಮೇಡಂ," ಎಂದು ಶಿಲ್ಪಾ ಕುರ್ಚಿ ಪಕ್ಕಕ್ಕೆ ಸರಿಸಿ ಪರದೆ ತೋರಿಸಿದಳು.

ವಿಜಯನಗರದ ಆ ಡಿಟಿಪಿ ಅಂಗಡಿಯಲ್ಲಿ ಬೆಳಗಿನಿಂದ ಕೂತಿದ್ದ ಉಮಾಶ್ರೀ ಟೀಚರ್ ಬಗ್ಗಿ ನೋಡಿದರು. ಮಹಿಳಾ ಬಳಗದ ನೆನಪಿನ ಸಂಚಿಕೆಗೆ ಬಂದಿದ್ದ ಲೇಖನಗಳನ್ನು ಶಿಲ್ಪಾ ಒಂದೊಂದಾಗಿ ಪೇಜ್‌ಮೇಕರ್‌ನ ಒಂದೇ ಫೈಲಿಗೆ ಸೇರಿಸುತ್ತ ಬಂದಿದ್ದಳು. ಉಳಿದವೆಲ್ಲ ಸರಿಯಾಗಿ ಬಂದಿದ್ದವು. ನೀಲಗಂಗಮ್ಮನವರದು ಮಾತ್ರ ಬಾಣ, ಚೌಕ, ಪ್ರಶ್ನೆಚಿಹ್ನೆಗಳ ಕಲಸುಮೇಲೋಗರವಾಗಿತ್ತು.

"ಯಾರೋ ಬೇರೆ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಕೊಟ್ಟಿದಾರೆ. ನಮ್ಮ ಫಾಂಟಿಗೆ ಬರಲ್ಲ. ಕೈಲಿ ಬರೆದಿದ್ದು ತರಿಸಿಕೊಡಿ, ನಾನೇ ಹೊಡೆದುಬಿಡ್ತೀನಿ."

ಅದು ಇದ್ದದ್ದು ಮೂಡಲಪಾಳ್ಯದಲ್ಲಿ, ನೀಲಗಂಗಮ್ಮನವರ ಮನೆಯಲ್ಲಿ. ಉಮಾಶ್ರೀ ಪರ್ಸಿನಿಂದ ಮೊಬೈಲ್ ತೆಗೆದರು. ಬರೆಯಿರಿ ಬರೆಯಿರಿ ಎಂದು ಆಕೆಯ ಬೆನ್ನು ಬಿದ್ದವರು ಅವರೇ. "ರೊಟ್ಟಿ ಬಡಿದು ಮಾರಾಕಿ, ನಾ ಏನ್ ಬರೀಲ್ರಿ ಟೀಚರ್?" ಎಂದು ತಪ್ಪಿಸಿಕೊಂಡೇ ತಿರುಗಿದ ನೀಲಗಂಗಮ್ಮ ಕೊನೆಗೊಂದು ದಿನ ನಾಚುತ್ತಲೇ ಫ್ಲಾಪಿ ತಂದುಕೊಟ್ಟಿದ್ದರು. ಆದರೆ ಆಕೆ ಬಂದರೆ ಬೇಗ ಏಳುವವರಲ್ಲ. ಎದುರಿಗೆ ಕೂತು ಸಾಲು ಸಾಲಿನ ಹಿಂದಿನ ಕಥೆಯನ್ನೂ ಹೇಳುತ್ತಾರೆ. ಪ್ರೆಸ್ಸಿನವರು ಸಂಜೆಯೊಳಗೆ ಬೇಕೆಂದಿದ್ದರು; ಭಾನುವಾರವೇ ಬಿಡುಗಡೆ. ಉಮಾಶ್ರೀ ಮೊಬೈಲನ್ನು ಮತ್ತೆ ಪರ್ಸಿಗೆ ಹಾಕಿದರು.

"ಬಿಟ್ಬಿಡಮ್ಮ. ಮುಂದಿನ ವರ್ಷ ಹಾಕಿದ್ರಾಯ್ತು."

"ಪಾಪ, ಕಾಯ್ತಾ ಇರ್ತಾರೇನೋ ಮೇಡಂ."

"ಒಬ್ಬರಿಗೋಸ್ಕರ ಎಲ್ಲರದೂ ನಿಲ್ಲಿಸೋಕಾಗುತ್ತಾ?"

ಶಿಲ್ಪಾ ಅದನ್ನು ಅಳಿಸಿದಳು. ಮುಂದಿನ ಲೇಖನ ಮೇಲೆ ಸರಿದು ಆ ಜಾಗದಲ್ಲಿ ಕೂತಿತು.

ಭಾನುವಾರ ಸಭಾಂಗಣದ ಬಾಗಿಲಲ್ಲೇ ಹೇಳಿಬಿಡಬೇಕೆಂದುಕೊಂಡಿದ್ದ ಉಮಾಶ್ರೀಗೆ ಅತಿಥಿಗಳ ಗಡಿಬಿಡಿಯಲ್ಲಿ ಅದಾಗಲಿಲ್ಲ. ನೀಲಗಂಗಮ್ಮ ರೇಷ್ಮೆ ಸೀರೆ ಉಟ್ಟು, ಮಗಳನ್ನು ಕೊಟ್ಟ ಮನೆಯ ಬೀಗಿತ್ತಿಯನ್ನೂ ಕರೆದುಕೊಂಡು ಬಂದಿದ್ದರು. ಪುಸ್ತಕ ಕೈಗೆ ಬಂದದ್ದೇ ವಿಷಯಸೂಚಿ ತೆರೆದು ಹುಡುಕಿದರು. ಅಲ್ಲಿ ಅವರ ಹೆಸರಿತ್ತು. ಶಿಲ್ಪಾ ವಿಷಯಸೂಚಿಯ ಪುಟವನ್ನು ಮೊದಲೇ ಬೇರೆಯಾಗಿ ಮಾಡಿಟ್ಟಿದ್ದಳು. ತಿದ್ದಬೇಕೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಪುಟ ಐವತ್ತೆಂಟು ಎಂದಿತ್ತು. ಐವತ್ತೆಂಟರಲ್ಲಿ ಯಾರದೋ ಬದರೀನಾಥ ಯಾತ್ರೆ. ನೀಲಗಂಗಮ್ಮ ಬೆರಳು ಒದ್ದೆ ಮಾಡಿಕೊಂಡು ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಆಮೇಲೆ ಎದ್ದು ಉಮಾಶ್ರೀಯ ಹತ್ತಿರ ಬಂದರು.

"ನಂದು ಕಾಣವಲ್ದಲ್ರೀ ಟೀಚರ್."

"ಕಂಪ್ಯೂಟರ್‌ನಲ್ಲಿ ಸೇರಿಸೋವಾಗ ಅಕ್ಷರ ಎಲ್ಲ ಕೆಟ್ಟೋಯ್ತು ನೀಲಗಂಗಮ್ಮ. ನಿಮಗೆ ಫೋನ್ ಮಾಡಿದ್ದೆ. ನೀವು ಎತ್ತಲಿಲ್ಲ."

ಆಡಿದ ಮೇಲೆಯೇ ಉಮಾಶ್ರೀಗೆ ತಾವು ಆಡಿದ್ದು ಏನೆಂದು ಕೇಳಿಸಿತು.

"ಹೌದೇನ್ರೀ?" ನೀಲಗಂಗಮ್ಮ ಒಂದು ಕ್ಷಣ ಯೋಚಿಸಿದರು. "ಹಿತ್ತಲದಾಗ ಬಟ್ಟಿ ಒಗೀತಿದ್ದೆ ಕಾಣ್ತದ. ನಂದೇ ತಪ್ಪಾತು ಬಿಡ್ರಿ. ನೀವ್ಯಾಕ ಮಾರಿ ಸಣ್ಣದು ಮಾಡ್ಕೋತೀರಿ?"

ಆಕೆ ಏನು ಬರೆದಿದ್ದರೆಂಬುದು ಉಮಾಶ್ರೀಗೆ ಇವತ್ತಿಗೂ ಗೊತ್ತಿಲ್ಲ. ಆಗ ಕೇಳಲು ಬಾಯಿ ಬರಲಿಲ್ಲ, ಆಮೇಲೆ ಕೇಳುವ ಮುಖ ಉಳಿಯಲಿಲ್ಲ.

ಅಷ್ಟರಲ್ಲಿ ಬೀಗಿತ್ತಿ ಅಲ್ಲಿಗೇ ಬಂದರು. "ಎಲ್ಲೈತ್ರಿ ನೀವು ಬರ್ದಿದ್ದು? ತೋರಿಸ್ರಿ ನೋಡೂಣು."

ನೀಲಗಂಗಮ್ಮ ವಿಷಯಸೂಚಿ ತೆರೆದು ತಮ್ಮ ಹೆಸರಿನ ಕೆಳಗೆ ಹೆಬ್ಬೆರಳಿಟ್ಟು ತೋರಿಸಿದರು. ಬೀಗಿತ್ತಿ ಪುಟ ತಿರುವಲು ಕೈ ಚಾಚಿದಾಗ ಮೆಲ್ಲನೆ ಪುಸ್ತಕ ಮುಚ್ಚಿ ಸೆರಗಿನೊಳಗೆ ಹಿಡಿದುಕೊಂಡರು.

"ಇಲ್ಲಿ ಬೆಳಕು ಸಾಲೂದಿಲ್ರೀ. ಮನ್ಯಾಗ ಓದೂಣಂತ."

ಸಭಾಂಗಣದ ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿದ್ದವು.