ಹೂಂ ಅನ್ನು

ಲೈಬ್ರರಿಗೆ ಪುಸ್ತಕ ವಾಪಸ್ ಕೊಡುವಾಗ ಕತೆಯನ್ನೂ ವಾಪಸ್ ಕೊಡಬೇಕು, ಅದು ಊರಿನ ಕಾಯಿದೆ. ಹುಡುಗರು ಅರಸರನ್ನು ಕೆಡವುವ ಹೊಸ ಕಾದಂಬರಿಗಳನ್ನು ಯಾರಾದರೂ ಓದಬಹುದು, ತಲೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಮೊನ್ನೆ ರಾತ್ರಿ ನಿದ್ದೆಗೆಟ್ಟು ಓದಿ ಮುಗಿಸಿದ ಪುಸ್ತಕವನ್ನು ಶಿವಲೀಲಾ ಕೌಂಟರಿನ ಮೇಲಿಟ್ಟಳು.

“ಕತಿ ಯಾರಿಗಾದ್ರೂ ಹೇಳೀಯೇನು?” ಗುಮಾಸ್ತ ಕೇಳಿದ.

“ನಮ್ಮ ಮನ್ಯಾಗ ಓದಾಕ ಬರೋರು ಯಾರದಾರ್ರೀ ಸರ?”

ಅವನು ಅವಳ ತಲೆಗೆ ಕತೆ ಹೀರುವ ಟೋಪಿ ಇಟ್ಟು ತೆಗೆದ. ಅವಳ ನೆನಪಿನಲ್ಲಿ ಪುಸ್ತಕದ ಹೆಸರೂ ಉಳಿಯಲಿಲ್ಲ. ಅವಳು ಮತ್ತೊಂದು ಹೊಸ ಕಾದಂಬರಿ ಎತ್ತಿಕೊಂಡು, ಎಂದಿನಂತೆ, ನೇರ ಚಿಗವ್ವನ ಖಾನಾವಳಿಗೆ ನಡೆದಳು.

ಚಿಗವ್ವ ಗುರವ್ವ ರೊಟ್ಟಿ ಬಡಿಯುತ್ತಲೇ, “ಕುಂದರು. ಹೂಂ ಅನ್ನು, ಇಲ್ಲಾಂದ್ರ ಕತಿ ಮುಂದ ಹೋಗೂದಿಲ್ಲ,” ಅಂದಳು. ಅವಳ ಕತೆಯಲ್ಲಿ ಒಬ್ಬ ಹುಡುಗಿ ಬೆಂಕಿಹಕ್ಕಿ ಏರಿ ಅರಮನೆಗೆ ನುಗ್ಗಿದಳು. ಸುತ್ತ ರೊಟ್ಟಿ ಬಡಿಯುತ್ತಿದ್ದ ಹೆಂಗಸರೂ ಹೂಂಗುಟ್ಟಿದರು. ಹುಡುಗಿ ಗೆದ್ದು ಸಿಂಹಾಸನಕ್ಕೇ ಬೆಂಕಿ ಹಚ್ಚಿದಾಗ ಶಿವಲೀಲಾಳ ಮೈ ಜುಮ್ಮೆಂದಿತು.

“ಇದು ನಾ ಹೇಳಿದ್ದ ಏನು, ಚಿಗವ್ವ?”

“ಹೂಂ. ನಿನ್ನೆ ಇಲ್ಲೇ ಕುಂತು ಅಳಕೋತ ಹೇಳಿದಿ. ಕಡೀಕ ಆ ಹುಡುಗಿ ಸತ್ಲು ಅಂದಿ.”

“ಮತ್ತ ನೀ ಗೆದ್ಲು ಅಂದ್ಯಲ್ಲ?”

ಚಿಗವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.

“ಪುಸ್ತಕದಾಗ ಸತ್ಲು. ನಾವು ಸಾಯಾಕ ಬಿಡಲಿಲ್ಲ.”